ಹೊಸ ಕುಲಾವಿ

ಸೊಸೆಯ ಕೌದಿಯನ್ನು ಬಿಸಿಲಿಗೆ ಹಾಕಲೆಂದು ಕೊಡವಿದಾಗ ಮಡಿಕೆಯೊಳಗಿಂದ ಏನೋ ಮೆತ್ತಗಿನದು ಶಂಕ್ರೆವ್ವನ ಕಾಲ ಮೇಲೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಕೂಸಿನ ಕುಲಾವಿ. ಹಳದಿ ಉಣ್ಣೆಯದು, ಗದ್ದದ ಕೆಳಗೆ ಕಟ್ಟಲು ಎರಡು ದಾರ. ಬೆಟಗೇರಿಯ ಯಾವ ಅಂಗಡಿಯಲ್ಲೂ ಇಂಥದು ಸಿಗುವುದಿಲ್ಲ. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಪರದೇಶದ ಬಾಯಿಯದೇ ಇದು, ಯಾರನ್ನೂ ಕೇಳಬೇಕಾಗಿರಲಿಲ್ಲ.

ಸೊಸೆ ಮಂಜವ್ವನಿಗೆ ಎಂಟು ತಿಂಗಳು ತುಂಬುತ್ತಿತ್ತು. ಹಿಂದಿನ ಎರಡು ಕೂಸೂ ಹೆಸರಿಡುವ ತನಕ ಉಳಿದಿರಲಿಲ್ಲ. ಮೊದಲ ಸಲ ತವರಿನವರು ಹಿಗ್ಗಿನಲ್ಲಿ, ಹುಟ್ಟುವ ಮೊದಲೇ ಅಂಗಿ ಹೊಲಿಸಿ ಕಳಿಸಿದ್ದರು. ಶಂಕ್ರೆವ್ವ ಅದನ್ನು ಮರೆತಿರಲಿಲ್ಲ. ಹುಟ್ಟದ ಕೂಸಿಗೆಂದು ಹೊಸ ಅರಿವೆ ಮನೆಯೊಳಗೆ ಬರಬಾರದು. ಹುಟ್ಟಿದ ಮೇಲೂ ಮೊದಲು ತೊಡಿಸುವುದು ಹಳೆಯದೇ ಆಗಬೇಕು. ಅದೂ ಮಕ್ಕಳು ಉಳಿದು ಬೆಳೆದ ಮನೆಯಿಂದ ಬೇಡಿ ತಂದದ್ದು.

ಕನ್ನಡ ನಾಡು ಒಂದಾಯಿತೆಂದು ಓಣಿಯಲ್ಲಿ ಪೇಢೆ ಹಂಚಿದ ವಾರವೇ ಎಲ್ಸಾಬಾಯಿ ಒಂದು ಟ್ರಂಕು, ಒಂದು ಮಡಚುವ ಮಂಚದೊಂದಿಗೆ ಅವರ ಮನೆಯ ಮುಂದೆ ಟಾಂಗಾದಿಂದ ಇಳಿದಿದ್ದಳು. ನಾರ್ವೆ ಎಂಬ ದೇಶದವಳು. ಬಾಣಂತಿಯರ, ಕೂಸುಗಳ ಆರೈಕೆಗೆಂದು ಕ್ರೈಸ್ತ ಮಿಶನ್ನಿನ ಮೂಲಕ ತಾನಾಗಿಯೇ ಬಂದವಳು. ಆಗಲೇ ಎರಡು ಮನೆಯವರು ಕೋಣೆ ಕೊಡಲು ಒಲ್ಲೆವೆಂದಿದ್ದರು. ಇಲ್ಲಿಯೂ ನೆಲೆ ಸಿಗದಿದ್ದರೆ ತನ್ನ ದೇಶಕ್ಕೆ ಮರಳಬೇಕಾಗುತ್ತದೆ ಎಂದು ಅವಳು ಶಂಕ್ರೆವ್ವನ ಮಗ ಹುಲಗಪ್ಪನ ಮುಂದೆ ಹೇಳಿಕೊಂಡಳು. ಅವನು ಕರಗಿ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟ. ಅವನ ತಾಯಿ ಕರಗಲಿಲ್ಲ.

“ಬಿಳೇರು ಹೋದ್ರಂತ ಝಂಡಾ ಹಾರಿಸಿದ್ವಿ. ಇಕಿ ನೋಡಿದ್ರ ಮಂಚಾ ಹೊತಗೊಂಡು ಬಂದಾಳ,” ಎಂದಿದ್ದಳು ಶಂಕ್ರೆವ್ವ.

“ಇಕಿ ಬ್ರಿಟಿಷರಾಕಿ ಅಲ್ಲಬೇ. ಪಗಾರ ಸೈತ ತೊಗೊಳ್ಳಂಗಿಲ್ಲಂತ,” ಎಂದ ಹುಲಗಪ್ಪ, ತಾನು ಕೂತು ನೇಯುವ ಮಗ್ಗದ ಕುಣಿಯಿಂದ ತಲೆ ಎತ್ತದೆ.

“ಅದಕ್ಕ ನನಗ ಹೆದರಿಕಿ. ಪಗಾರ ಒಲ್ಲೆ ಅನ್ನಾಕಿ ಮತ್ತೇನರ ತೊಗೊಂಡು ಹೋಗಾಕ ಬಂದಿರತಾಳ.”

ಅಂದಿನಿಂದ ಅವಳು ನೂಲಿನ ಕಂಡಿಕೆ ಸುತ್ತುವ ರಾಟೆಯನ್ನು ಮುಂದಿನ ಕೋಣೆಯ ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡು ಕೂಡುತ್ತಿದ್ದಳು. ಎಲ್ಸಾಬಾಯಿ ಉಣ್ಣುವ ಮೊದಲು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಓಣಿಯ ಬಸುರಿಯರ ಹೆಸರೆಲ್ಲ ಕೇಳಿ ತಿಳಿದುಕೊಂಡಿದ್ದಳು. ಹಣೆ ಬೋಳು, ಕೈ ಬೋಳು, ಮುಖದ ಮೇಲೆ ಮಾತ್ರ ಸದಾ ನಗು. ಆ ನಗುವೇ ಶಂಕ್ರೆವ್ವನಿಗೆ ಸೇರುತ್ತಿರಲಿಲ್ಲ.

ಕುಲಾವಿ ಹಿಡಿದುಕೊಂಡು ಅವಳು ಅಡುಗೆಮನೆಗೆ ಹೋದಳು. “ಮಂಜೀ, ಏನಿದು?”

ಹಿಟ್ಟು ನಾದುತ್ತಿದ್ದ ಮಂಜವ್ವನ ಕೈ ನಿಂತಿತು. “ಹಳೇದರಿ ಅತ್ತಿ. ಬಾಯಾರ ಅಣ್ಣ-ತಮ್ಮ, ಅಕ್ಕ-ತಂಗೀರೆಲ್ಲ ಹಾಕ್ಕೊಂಡಿದ್ದಂತ. ಏಳು ಮಂದಿ. ಎಲ್ಲಾರೂ ಗಟ್ಟಿಮುಟ್ಟ ಅದಾರಂತ.”

ಮಾತು ತೀರ ಸಲೀಸಾಗಿ ಬಂತು. ಶಂಕ್ರೆವ್ವ ಕುಲಾವಿಯನ್ನು ಮೂಸಿ ನೋಡಿದಳು. ಏಳು ತಲೆಯ ಎಣ್ಣೆ ಹೋಗಲಿ, ಒಂದು ತಲೆಯ ಬೆವರೂ ಅದರಲ್ಲಿರಲಿಲ್ಲ. ಸೊಸೆಯೂ ಆ ಬಾಯಿಯೂ ಕೂಡಿ ಮಾಡಿದ ಆಟ ಇದು ಎನಿಸಿತು. ಸೊಸೆಯ ಮಣಿಕಟ್ಟು ಹಿಡಿದು, ಹಿಟ್ಟಿನ ಕೈಯಲ್ಲೇ ಮುಂದಿನ ಕೋಣೆಗೆ ಕರೆದೊಯ್ದಳು.

ಎಲ್ಸಾಬಾಯಿ ಎದ್ದು ನಿಂತಳು. “ಬನ್ನಿರಿ, ಕುಳಿತುಕೊಳ್ಳಿರಿ.” ಧಾರವಾಡದಲ್ಲಿ ಪುಸ್ತಕದಿಂದ ಕಲಿತ ಕನ್ನಡ, ಓಣಿಯ ಹುಡುಗಿಯರು ಅದನ್ನು ಅಣಕಿಸಿ ನಗುತ್ತಿದ್ದರು.

“ಕುಂಡ್ರಾಕ ಬಂದಿಲ್ಲ. ಇದು ಹಳೇದೋ, ಹೊಸಾದೋ? ಇಕಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿ ಹೇಳ್ರಿ.”

ಮಂಜವ್ವ ಎಲ್ಸಾಬಾಯಿಯನ್ನೇ ನೋಡಿದಳು. ಎಲ್ಸಾಬಾಯಿ ಕೈ ಮುಂದೆ ಮಾಡಲಿಲ್ಲ.

“ಕ್ಷಮಿಸಿರಿ. ನಾನು ಆಣೆ ಮಾಡುವುದಿಲ್ಲ. ನಮ್ಮ ಧರ್ಮದಲ್ಲಿ ಆಣೆ ಮಾಡಬಾರದು.”

“ಹಾಂ!” ಎರಡು ತಿಂಗಳು ಒಳಗೇ ಕುದ್ದದ್ದು ಹೊರಗೆ ಬಂತು. “ಖರೆ ಮಾತಾಡಾಕಿ ಆಣಿಗೆ ಯಾಕ ಅಂಜತಾಳ? ಗೊತ್ತಾತು ಬಿಡ್ರಿ. ಟಾಂಗಾ ಕರಸತೀನಿ, ಗಂಟು ಕಟ್ಟರಿ.”

“ಆಣೆ ಇಲ್ಲದೆ ಹೇಳುತ್ತೇನೆ. ಅದು ಹೊಸದು. ನಾನೇ ಹೆಣೆದೆನು. ಹೆಣೆಯುವಾಗ ನಿಮ್ಮ ಪದ್ಧತಿ ನನಗೆ ತಿಳಿದಿರಲಿಲ್ಲ.” ಎಲ್ಸಾಬಾಯಿಯ ಮುಖದಲ್ಲಿ ಆಗ ನಗು ಇರಲಿಲ್ಲ.

ಸುಳ್ಳಿಗೆ ಬೇಕಾದ ಉತ್ತರವೆಲ್ಲ ಶಂಕ್ರೆವ್ವನ ಬಳಿ ತಯಾರಿತ್ತು, ಖರೆ ಮಾತಿಗಲ್ಲ.

“ಹಳೇದಂತ ಹೇಳ್ರಿ ಅಂತ ನಾನ ಕಾಲು ಬಿದ್ದಿದ್ನಿರಿ,” ಮಂಜವ್ವ ಅಳುತ್ತ ಅಂದಳು. “ಒಲ್ಲೆ ಅಂದ್ರು. ತಿರುಗಿ ಕೊಡಾಕ ನನಗ ಮನಸಾಗಲಿಲ್ಲ. ಈ ಕೂಸು ಉಳೀತೈತಿ ಅಂತ ತಿಳಕೊಂಡಾಕಿ ಇಕಿ ಒಬ್ಬಾಕಿನರಿ ಅತ್ತಿ. ನೀವು ಯಾರೂ ತಿಳಕೊಂಡಿಲ್ಲ.”

ಎಲ್ಸಾಬಾಯಿ ಮಂಚದ ಕೆಳಗಿಂದ ಟ್ರಂಕನ್ನು ಎಳೆದಳು. ಶಂಕ್ರೆವ್ವ ಅದನ್ನು ಕಾಲಿನಿಂದ ಮತ್ತೆ ಮಂಚದ ಕೆಳಗೆ ತಳ್ಳಿದಳು. ಆಮೇಲೆ ಕುಲಾವಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಓಣಿ ದಾಟಿ ಫಕೀರಬಿಯ ಮನೆಗೆ ಹೋದಳು. ಫಕೀರಬಿ ಆರು ಹಡೆದವಳು, ಆರೂ ಉಳಿದಿದ್ದವು. ಎಲ್ಲಕ್ಕಿಂತ ಸಣ್ಣವನು ಈಗಷ್ಟೇ ಅಂಬೆಗಾಲಿಕ್ಕುತ್ತಿದ್ದ.

“ಇದನ್ನ ಇವಗ ಹಾಕವಾ.”

“ಯವ್ವಾ, ಇಷ್ಟ ಚೆಂದಂದು! ಹೊಲಸ ಮಾಡತಾನ ಶಂಕ್ರಕ್ಕ ಇವ.”

“ಮಾಡ್ಲಿ ಅಂತನ ತಂದೀನಿ. ನನ್ನ ಸೊಸಿ ಹಡೆದ ದಿನ ಬಂದು, ಒಂದು ಹಳೇ ಕುಲಾವಿ ಇದ್ರ ಕೊಡು ಅಂತ ಬೇಡತೀನಿ. ಆವಾಗ ಕೊಡು.”

ಫಕೀರಬಿ ಅವಳ ಮುಖವನ್ನೊಮ್ಮೆ ನೋಡಿ, ನಕ್ಕು, ಮಗನನ್ನು ತೊಡೆಗೆಳೆದುಕೊಂಡಳು. “ಬಾರಪಾ. ಈಗಿಂದನ ದುಡಿಯಾಕ ಹಚ್ಚಿದ್ಲು ನೋಡು ನಿನ್ನ.” ಕುಲಾವಿ ಬಿಗಿಯಾಯಿತು. ಉಣ್ಣೆ ಜಗ್ಗಿಕೊಂಡು ತಲೆಗೆ ಕೂತಿತು.

ಮಧ್ಯಾಹ್ನದ ಹೊತ್ತಿಗೆ ಹುಡುಗ ಓಣಿಯ ನಡುವೆ ಇದ್ದ. ಕುಲಾವಿ ಒಂದು ಕಿವಿಯ ಕಡೆ ವಾಲಿ ಮಣ್ಣಾಗಿತ್ತು. ಎಲ್ಸಾಬಾಯಿ ಅದನ್ನು ಬಾಗಿಲಿನಿಂದ ನೋಡಿ, ಒದ್ದೆ ಅರಿವೆ ತಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಒರಸಬ್ಯಾಡ್ರಿ,” ಎಂದಳು ಶಂಕ್ರೆವ್ವ, ತನ್ನ ಹೊಸ್ತಿಲ ಮೇಲಿಂದ.

ಎಲ್ಸಾಬಾಯಿಯ ಕೈ ಅಲ್ಲೇ ನಿಂತಿತು. ಅರಿವೆಯಿಂದ ನೀರು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಹುಡುಗ ಕುಲಾವಿಯ ದಾರವನ್ನು ಜಗಿಯುತ್ತ, ಬೂದಿಯ ಗುಡ್ಡೆಯ ಕಡೆಗೆ ಅಂಬೆಗಾಲಿಕ್ಕಿ ಹೊರಟ. ಇಬ್ಬರೂ ಅವನನ್ನು ತಡೆಯಲಿಲ್ಲ.