ಹೊಕ್ಕುಳ ಕಮಲ

"ಬೆಳಕು ಸ್ವಲ್ಪ ಈ ಕಡೆ ಹಿಡೀರಿ," ಎಂದು ತ್ರ್ಯಂಬಕಾಚಾರ್ಯರು ಮೊಮ್ಮಗನ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಎದುರುಮನೆಯ ಗಂಗಪ್ಪ ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಬಗ್ಗಿದ. ಕೂಸಿನ ಹೊಕ್ಕುಳಲ್ಲಿ ಕಡಲೆಕಾಳಿನಷ್ಟು ಕೆಂಪು ಮಾಂಸ ಎದ್ದು ಒದ್ದೆಯಾಗಿತ್ತು. ಸುತ್ತಲೂ ಆಚಾರ್ಯರೇ ತೇಯ್ದು ಬಳಿದ ಗಂಧ.

"ಏನು ಕಾಣಸ್ತದ?"

"ಹೊಕ್ಕಳಾ ಸೋರಾಕತ್ತೈತ್ರಿ. ವಾಸನೀನೂ ಐತಿ."

"ಕಮಲದ ಮೊಗ್ಗು ಅದು. ವಿಷ್ಣುವಿನ ಗುರುತು. ನಿಮಗ ತಿಳಿಯೂದಿಲ್ಲ ಬಿಡ್ರಿ."

ಗಂಗಪ್ಪ ತನಗೇಕೆ ಬೇಕು ಎಂದುಕೊಂಡು ಟಾರ್ಚ್ ಆರಿಸಿ ನಡೆದ.

ಆಚಾರ್ಯರು ಸವದತ್ತಿಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಹುಡುಗರು ಎಷ್ಟು ಕಲಿತರೋ ದೇವರೇ ಬಲ್ಲ. ತಮಗೆ ಕಲಿಯುವುದು ಏನೂ ಉಳಿದಿಲ್ಲ ಎಂಬುದನ್ನಂತೂ ಅವರು ಚೆನ್ನಾಗಿ ಕಲಿತಿದ್ದರು. ಹೊಕ್ಕುಳಬಳ್ಳಿ ಉದುರಿದ ಮೇಲೆ ಈ ಗುಳ್ಳೆ ಕಂಡದ್ದೇ ತಡ, ತೊಟ್ಟಿಲಲ್ಲಿ ಇಟ್ಟ ಕೌಶಿಕ ಎಂಬ ಹೆಸರು ಅವರಿಗೆ ಬೇಡವಾಯಿತು. ಪದ್ಮನಾಭ ಎಂದಾಗಬೇಕು. ರವಿವಾರ ಸುರೇಬಾನದಿಂದ ಬರುವ ಬೀಗರಿಗೆ ಕಮಲ ತೋರಿಸಿ ಹೆಸರು ಸಾರಬೇಕು. ಅಲ್ಲಿಯವರೆಗೆ ಔಷಧ ಕೂಡದು.

ಬಾಣಂತನಕ್ಕೆ ಬಂದಿದ್ದ ಮಗಳು ಸುಚೇತಾ ಹೊಕ್ಕುಳಿಗೆ ಅಂಟಿದ ಅಂಗಿಯನ್ನು ದಿನವೂ ನೀರು ಹಚ್ಚಿ ಬಿಡಿಸುತ್ತಿದ್ದಳು. ನಂಜಾದರೆ ಏನು ಗತಿ ಎಂದು ಜೀವ ಹಾರುತ್ತಿತ್ತು. ಹೆತ್ತ ತಂದೆಯ ಮೇಲೂ ಅಸಹ್ಯ ಹುಟ್ಟಬಹುದೆಂದು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ.

ಮಂಗಳವಾರ ಚುಚ್ಚುಮದ್ದಿನ ನೆಪ ಹೇಳಿ, ತಾಯಿ ಗಂಗೂಬಾಯಿಯ ಜೊತೆ ಮಕ್ಕಳ ಡಾಕ್ಟರ್ ಮಹಾನಂದಾ ಅವರಲ್ಲಿಗೆ ಹೋದಳು.

"ಮೊದಲ ಈ ಗಂಧಾ ಬಿಡ್ರಿ," ಎಂದರು ಡಾಕ್ಟರು. "ಬಳ್ಳಿ ಬಿದ್ದ ಜಾಗಾ ಮಾಯೂಮುಂದ ಹೆಚ್ಚಿಗಿ ಬೆಳದ ಮಾಂಸ ಇದು. ಅಡಗಿ ಉಪ್ಪು ಒಂದ ಚಿಟಿಕಿ ಇದರ ಮ್ಯಾಲಷ್ಟ ಇಟ್ಟು, ಬಟ್ಟಿ ಮುಚ್ಚಿ, ಅರ್ಧಾ ತಾಸಿಗೆ ಸ್ವಚ್ಛ ಒರಸ್ರಿ. ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ. ಸುತ್ತ ಕೆಂಪಾದ್ರ, ಜ್ವರಾ ಬಂದ್ರ ತಡಾ ಮಾಡಬ್ಯಾಡ್ರಿ."

ಗಂಗೂಬಾಯಿಯ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಆಚಾರ್ಯರು ಕೆರಳಿದರು.

"ದೇವರ ಗುರುತಿಗೆ ಉಪ್ಪು? ಕೂಸಿನ್ನ ಉಪ್ಪಿನಕಾಯಿ ಹಾಕ್ತೀಯೇನು? ರವಿವಾರದ ತನಕಾ ಯಾರೂ ಕೈ ಹಚ್ಚಬಾರದು."

"ಆಗ್ಲಿ ಅಪ್ಪಾ," ಎಂದಳು ಸುಚೇತಾ. "ಆದ್ರ ನೀವೂ ದಿನಾ ಬಟ್ಟಿ ತಗೀಬ್ಯಾಡ್ರಿ. ದೃಷ್ಟಿ ತಾಗ್ತದ."

ದೃಷ್ಟಿಯ ಮಾತಿಗೆ ಆಚಾರ್ಯರು ತಕ್ಷಣ ಒಪ್ಪಿದರು. ಅವರು ಯಾವುದಕ್ಕೆ ಒಪ್ಪುತ್ತಾರೆಂದು ಮಗಳಿಗೆ ಗೊತ್ತಿತ್ತು. ಅಂದು ಸಂಜೆ ಪಡಸಾಲೆಯಲ್ಲಿ ಅವರು ಕಣ್ಣು ಮುಚ್ಚಿ ವಿಷ್ಣುವಿನ ನಾಮ ಪಠಿಸುತ್ತಿದ್ದಾಗ, ಅವಳು ಕೋಣೆಯ ಅಗಳಿ ಹಾಕಿ ಪಿಂಗಾಣಿ ಭರಣಿಯಿಂದ ಚಿಟಿಕೆ ಉಪ್ಪು ತೆಗೆದಳು. ಕೂಸು ಅಳಲಿಲ್ಲ. ಶುಕ್ರವಾರದ ಹೊತ್ತಿಗೆ ಕಮಲ ಕಪ್ಪಾಗಿ ಮುದುಡಿತು. ಶನಿವಾರ ಒರೆಸುವಾಗ ಹತ್ತಿಗೆ ಅಂಟಿಕೊಂಡು ಬಂತು.

ರವಿವಾರ ಆಚಾರ್ಯರು ರೇಷ್ಮೆ ಮಡಿ ಉಟ್ಟು, ಬೀಗರನ್ನು ಸಾಲಾಗಿ ನಿಲ್ಲಿಸಿ, ಆರತಿ ತಟ್ಟೆ ಹಿಡಿದು ಬಟ್ಟೆ ಸರಿಸಿದರು. ಒಣಗಿದ ಹೊಕ್ಕುಳು, ಎಲ್ಲ ಕೂಸುಗಳ ಹೊಕ್ಕುಳಿನಂತೆಯೇ ಇತ್ತು. ಬೀಗರು ಮುಖ ಮುಖ ನೋಡಿಕೊಂಡರು. ಆಚಾರ್ಯರು ಮಗಳ ಕಡೆ ನೋಡಿದರು. ಅವಳು ನೋಟ ತಪ್ಪಿಸಲಿಲ್ಲ.

"ಕಮಲ ಒಳಗ ಹೋಗೇದ," ಎಂದರು ಆಚಾರ್ಯರು. "ಇದು ಇನ್ನೂ ಶ್ರೇಷ್ಠ."

ಬೀಗರು ಕೈಮುಗಿದರು. ಕೈಮುಗಿಯಲೆಂದೇ ಅಷ್ಟು ದೂರದಿಂದ ಬಂದವರು, ಪಾಪ, ಇನ್ನೇನು ಮಾಡಿಯಾರು.

ಊಟಕ್ಕೆ ಎಲೆ ಬಿತ್ತು. ಮೊದಲ ತುತ್ತಿಗೇ ಆಚಾರ್ಯರು ಮುಖ ಕಿವುಚಿ, "ಸಾರಿಗೆ ಉಪ್ಪು ಕಡಿಮಿ ಆಗೇದ," ಎಂದರು. ಸುಚೇತಾ ತೊಟ್ಟಿಲ ಪಕ್ಕದಿಂದ ಭರಣಿ ತಂದಳು.

"ಇದು ಎಲ್ಲೀದು?"

"ಕೌಶಿಕಂದು," ಎಂದು ಎಲೆಯ ತುದಿಗೆ ಒಂದು ಚಿಟಿಕೆ ಹಾಕಿದಳು.

ಬೀಗರು ನೋಡುತ್ತಿದ್ದರು. ಆಚಾರ್ಯರು ಉಪ್ಪು ಮುಟ್ಟಲಿಲ್ಲ. ತಲೆ ತಗ್ಗಿಸಿ, ಸಪ್ಪೆ ಸಾರನ್ನೇ ಅನ್ನಕ್ಕೆ ಕಲಸಿಕೊಂಡು ಉಂಡರು.