ಮೊದ್ದು ಮನೆಗೆ ಬಂದ ದಿನ

ಆ ಗಿಡುಗ ನನ್ನ ಹದಿಮೂರು ಪಾರಿವಾಳ ತಿಂದಿತ್ತು. ಒಂದಲ್ಲ, ಎರಡಲ್ಲ, ಹದಿಮೂರು. ಅದನ್ನ ಮುಗಿಸಿಯೇ ತೀರ್ತೀನಿ ಅಂತ ನಾನು ಹಟ ತೊಟ್ಟಿದ್ದರಲ್ಲಿ ತಪ್ಪೇನಿದೆ ಹೇಳಿ? ನೀವಾಗಿದ್ದರೆ ಏನು ಮಾಡ್ತಿದ್ರಿ, ಕೂರಿಸಿ ಊಟ ಬಡಿಸ್ತಿದ್ರಾ?

ನಾನು ಲಿಫ್ಟ್ ರಿಪೇರಿಯವನು. ಊರಿನ ನಟ್ಟನಡುವೆ ಇರೋ ಇಪ್ಪತ್ತೆರಡು ಮಹಡಿಯ ಆಫೀಸು ಕಟ್ಟಡದ ನಾಲ್ಕೂ ಲಿಫ್ಟು ನನ್ನ ಜವಾಬ್ದಾರಿ. ಎರಡು ವರ್ಷದ ಹಿಂದೆ ಅದೇ ಕಟ್ಟಡದ ಹದಿನೆಂಟನೇ ಮಹಡಿಯ ಹೊರಗಿನ ಸಜ್ಜದ ಮೇಲೆ ಗಿಡುಗದ ಜೋಡಿಯೊಂದು ಬಂದು ಸಂಸಾರ ಹೂಡಿತು. ಗೂಡು ಅಂತ ಕಟ್ಟೋದೂ ಇಲ್ಲ, ಸೋಮಾರಿ ಮುಂಡೇವು. ಅಲ್ಲಿ ಬಿದ್ದಿದ್ದ ಜಲ್ಲಿ ಕೆದರಿ, ಒಂದು ಗುಳಿ ಮಾಡಿ, ಅದರಲ್ಲೇ ಮೊಟ್ಟೆ. ಕಟ್ಟಡದವರು ಓಡಿಸೋದು ಬಿಟ್ಟು ಕ್ಯಾಮೆರಾ ಇಟ್ಟರು. ಕೆಳಗೆ ರಿಸೆಪ್ಷನ್‌ನಲ್ಲಿ ಗೋಡೆಯಗಲದ ಟೀವಿ ಹಾಕಿ ಬೆಳಗಿಂದ ಸಂಜೆವರೆಗೆ ಅದರದೇ ದರ್ಶನ. ಪಕ್ಕದಲ್ಲೊಂದು ಬೋರ್ಡು: 'ಪೆರೆಗ್ರಿನ್ ಫಾಲ್ಕನ್. ಜಗತ್ತಿನ ಅತಿ ವೇಗದ ಹಕ್ಕಿ, ನಮ್ಮ ಹೆಮ್ಮೆಯ ಅತಿಥಿ. ತೊಂದರೆ ಕೊಟ್ಟವರಿಗೆ ಜೈಲು ಶಿಕ್ಷೆ.' ಅತಿಥಿಯಂತೆ ಅತಿಥಿ! ಅತಿಥಿಗೆ ಊಟ ಹೋಗ್ತಿದ್ದದ್ದು ನನ್ನ ಮನೆಯಿಂದ.

ನನ್ನವು ರೇಸಿನ ಪಾರಿವಾಳ. ಮನೆಯ ತಾರಸಿ ಮೇಲೆ ಗೂಡು. ದೂರ ಒಯ್ದು ಬಿಟ್ಟರೆ ಹಾರಿ ಮನೆ ಸೇರಬೇಕು, ಯಾರದು ಮೊದಲು ಸೇರುತ್ತೋ ಅವರು ಗೆದ್ದರು. ಬೇಗ ಬರಲಿ ಅಂತ ನಾವೊಂದು ಉಪಾಯ ಮಾಡ್ತೀವಿ. ಗಂಡಿಗೆ ಹೆಣ್ಣು ಜೋಡಿ ಮಾಡೋದು, ಎರಡೂ ಹೊಂದಿಕೊಂಡ ಮೇಲೆ ನಡುವೆ ಹಲಗೆ ಹಾಕಿಬಿಡೋದು. ವಾರವೆಲ್ಲ ಬರೀ ಸದ್ದು ಕೇಳಿಸಿಕೊಂಡೇ ಇರಬೇಕು. ಪಂದ್ಯದ ದಿನ ಹಲಗೆ ಸರಿಸಿ ಐದೇ ನಿಮಿಷ ಮುಖ ತೋರಿಸಿ, ಹತ್ತಿರ ಹೋಗುವಷ್ಟರಲ್ಲಿ ಗಂಡನ್ನ ಎತ್ತಿ ಬುಟ್ಟಿಗೆ ಹಾಕೋದು. ಆಮೇಲೆ ನೋಡಬೇಕು ಅದು ಮನೆಗೆ ಬರೋ ಚಂದ! ಅನ್ನ ನೀರಿನ ಯೋಚನೆ ಇಲ್ಲ, ಮಳೆ ಗಾಳಿಯ ಲೆಕ್ಕ ಇಲ್ಲ.

ನನ್ನ ಹೆಂಡತಿ ಇದನ್ನ ನೋಡಿದಾಗಲೆಲ್ಲ, "ಥೂ, ಕಟುಕರು ನೀವು" ಅನ್ನೋಳು.

"ಕಟುಕ ಅಲ್ಲ ಕಣೇ, ಕೋಚ್" ಅಂತಿದ್ದೆ.

ಅವಳು ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯೋ ಕೆಲಸದಲ್ಲಿದ್ದಳು. ಬ್ಲೀಚಿಂಗ್ ನೀರಲ್ಲಿ ಕೈ ಅದ್ದಿ ಅದ್ದಿ ಅಂಗೈ, ಬೆರಳ ಸಂದಿ ಎಲ್ಲ ಬಿರುಕು. ಎಷ್ಟು ಮುಲಾಮು ಹಚ್ಚಿದರೂ ಅಷ್ಟೇ. ಸಂಜೆ ಬಂದು ಅದೇ ಕೈಯಲ್ಲಿ ಗೂಡು ಗುಡಿಸಿ, ಕಾಳು ಹಾಕಿ, ನೀರಿಟ್ಟು, ಒಂದೊಂದು ಪಾರಿವಾಳವನ್ನೂ ಹೆಸರು ಹಿಡಿದು ಮಾತಾಡಿಸೋಳು. ನಮಗೆ ಮಕ್ಕಳಿಲ್ಲ.

ಎಲ್ಲಕ್ಕಿಂತ ಮೊದ್ದು ಅಂದರೆ ಅವಳಿಗೆ ಪ್ರಾಣ. ಬೂದಿ ಬಣ್ಣದ ಗಂಡು, ಹೆಸರು ನಾನೇ ಇಟ್ಟಿದ್ದು. ಹಾರಿಸಿದರೆ ಮಿಕ್ಕವೆಲ್ಲ ಬಂದು ಕಾಳು ತಿಂದು ತೂಕಡಿಸೋ ಹೊತ್ತಿಗೆ ಇವನ ಸವಾರಿ ಬರೋದು. ದಾರೀಲಿ ಕಂಡ ಕಂಡ ತಾರಸಿ ಮೇಲೆಲ್ಲ ಇಳಿದು, ಕುಶಲ ವಿಚಾರಿಸಿಕೊಂಡು ಬರ್ತಾನೋ ಏನೋ. ಇಂಥವನಿಗೆ ಹೆಣ್ಣು ಬೇರೆ ದಂಡ ಅಂತ ನಾನು ಜೋಡಿಯನ್ನೇ ಮಾಡಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ರಿಸೆಪ್ಷನ್ ಎದುರಿನ ಲಿಫ್ಟಿನ ಬಾಗಿಲು ಬಿಚ್ಚಿಕೊಂಡು ಕೂತಿದ್ದೆ. ಟೀವಿ ಮುಂದೆ ಹತ್ತು ಹದಿನೈದು ಜನ ಕಾಫಿ ಲೋಟ ಹಿಡಿದು ನಿಂತಿದ್ದರು. "ಬಂತು ಬಂತು, ಅಮ್ಮ ತಿಂಡಿ ತಂತು!" ಅಂತ ರಿಸೆಪ್ಷನ್ ಹುಡುಗಿ ಕೂಗಿದಳು. ತಲೆ ಎತ್ತಿ ನೋಡಿದೆ. ಗಿಡುಗ ಸಜ್ಜದ ಮೇಲೆ ಪಾರಿವಾಳವೊಂದನ್ನ ಕಾಲಡಿ ಒತ್ತಿಕೊಂಡು ಪುಕ್ಕ ಕೀಳ್ತಾ ಇತ್ತು. ಕಿತ್ತ ಪುಕ್ಕವೆಲ್ಲ ಗಾಳಿಗೆ ಹಾರಿ ಹೋಗ್ತಿದ್ದವು. ನಾಲ್ಕು ಮರಿ ಬಾಯಿ ಕಳೆದುಕೊಂಡು ಕಿರುಚ್ತಾ ಇದ್ದವು. ಪಾರಿವಾಳದ ಕಾಲಲ್ಲಿ ಹಸಿರು ರಿಂಗು. ಹಸಿರು ರಿಂಗು ನನ್ನದು. ಎದೆಯ ಮೇಲೆ ಬಿಳಿ ಮಚ್ಚೆ. ಅಯ್ಯೋ, ನನ್ನ ಬಾಣ! ಮೂರು ಪಂದ್ಯದಲ್ಲಿ ಮೊದಲು ಬಂದ ಬಾಣ. ಆವತ್ತು ಬೆಳಿಗ್ಗೆ ಆರಕ್ಕೆ ನಾನೇ ರೆಕ್ಕೆ ಸವರಿ ಹಾರಿಸಿ ಬಂದಿದ್ದೆ.

"ಎಷ್ಟು ಮುದ್ದಾಗಿ ತಿನ್ನಿಸ್ತಿದೆ ನೋಡಿ" ಅಂದಳು ಆ ಹುಡುಗಿ, ಫೋನಲ್ಲಿ ಫೋಟೋ ಹಿಡೀತಾ. ಯಾರೋ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಲಿಫ್ಟು ಓಡಾಡೋ ಗುಂಡಿಯೊಳಗೆ ನೂಕಬೇಕು ಅನ್ನಿಸಿತು. ಹಲ್ಲು ಕಚ್ಚಿಕೊಂಡು ಬಾಗಿಲ ಸ್ಕ್ರೂ ಬಿಗಿ ಮಾಡಿದೆ.

ಮನೆಗೆ ಬಂದವನು ಊಟದ ತಟ್ಟೆ ತಳ್ಳಿ ಕೂತೆ. ಏನಾಯ್ತು ಅಂದಳು, ಹೇಳಿದೆ. ಅವಳೂ ಅತ್ತಳು. ಬಾಣನನ್ನ ಮರಿಯಿಂದ ಬೆಳೆಸಿದ್ದು ಅವಳೇ ಅಲ್ಲವಾ. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ಏನು ಮಾಡೋದು ಬಿಡ್ರೀ. ಅದಕ್ಕೂ ಮರಿ ಇವೆ. ತಾಯಿ ಅಂದಮೇಲೆ ಎಲ್ಲಿಂದಾದರೂ ತಂದು ಹಾಕಲೇಬೇಕಲ್ಲ" ಅಂದಳು.

ಎಲ್ಲಿತ್ತೋ ಸಿಟ್ಟು. "ತಾಯಿಯಂತೆ ತಾಯಿ! ಮರಿ ಅಂದರೇನು ಅಂತ ನಿನಗೇನು ಗೊತ್ತು? ಇಪ್ಪತ್ತು ವರ್ಷದಿಂದ ಖಾಲಿ ಗೂಡಲ್ಲಿ ಕೂತಿರೋಳು ನೀನು" ಅಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದ ಮಾತು ಬಂದ್. ಶುಕ್ರವಾರ ಇಲ್ಲ, ಶನಿವಾರ ಇಲ್ಲ. ಊಟ ತಂದಿಡೋಳು, ಹೋಗೋಳು. ಫೋನ್ ಮಾಡಿದರೆ ಕಟ್ ಮಾಡೋಳು. ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ದರೆ ಕರಗಿ ನೀರಾಗ್ತಿದ್ದಳು, ಅದು ನನಗೆ ಗೊತ್ತಿತ್ತು. ಮೊದಲು ಗಿಡುಗದ ಕಥೆ ಮುಗೀಲಿ, ಆಮೇಲೆ ಹೇಳೋಣ ಅಂದುಕೊಂಡೆ.

ಪಾರಿವಾಳ ಸಾಕೋರ ನಡುವೆ ಒಂದು ದಾರಿ ಇದೆ. ಯಾರೂ ಬಾಯಿ ಬಿಟ್ಟು ಹೇಳಲ್ಲ, ಎಲ್ಲರಿಗೂ ಗೊತ್ತು. ಉಪಯೋಗಕ್ಕೆ ಬಾರದ ಪಾರಿವಾಳದ ಕತ್ತಿನ ಹಿಂದೆ ವಿಷ ಬಳಿದು ಗಿಡುಗದ ಕಣ್ಣೆದುರು ಹಾರಿಸೋದು. ಕತ್ತಿನ ಹಿಂದೆ ಯಾಕೆ ಅಂದರೆ, ಅದರ ಕೊಕ್ಕು ಅದಕ್ಕೇ ಎಟುಕದ ಜಾಗ ಅದೊಂದೇ. ಗಿಡುಗ ಮೊದಲು ಬಾಯಿ ಹಾಕೋದೂ ಅಲ್ಲಿಗೇ.

ಯಾವುದನ್ನ ಕಳಿಸೋದು ಅಂತ ತಲೆ ಕೆಡಿಸಿಕೊಳ್ಳೋ ಅಗತ್ಯವೇ ಇರಲಿಲ್ಲ. ಮೊದ್ದು. ಜೋಡಿ ಇಲ್ಲ, ಮನೆ ಸೇರೋ ಅವಸರ ಇಲ್ಲ. ಬಿಟ್ಟ ಕಡೆಯೇ ನಾಲ್ಕು ಸುತ್ತು ಹಾಕ್ತಾ ಗಿಡುಗಕ್ಕೆ ಸುಲಭದ ತುತ್ತಾಗ್ತಾನೆ. ಹೆಂಡತಿಗೆ ಆಮೇಲೆ ಏನಾದರೂ ಒಂದು ಸುಳ್ಳು ಹೇಳಿದರಾಯ್ತು.

ಭಾನುವಾರ ಆಫೀಸಿಗೆ ರಜ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮೊದ್ದುವನ್ನ ಬುಟ್ಟಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಕಟ್ಟಡದ ಎದುರಿಗೆ ವಾಹನ ನಿಲ್ಲಿಸೋ ಐದು ಮಹಡಿಯ ಕಟ್ಟಡವೊಂದಿದೆ, ಅದರ ತಾರಸಿಯಲ್ಲಿ ನರಪಿಳ್ಳೆ ಇರಲಿಲ್ಲ. ಕೈಗೆ ಎರಡೆರಡು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ವಿಷ ಬಳಿದೆ. ನನ್ನ ಕೈ ಬಗ್ಗೆ ನನಗೆ ಅಷ್ಟು ಕಾಳಜಿ. ಮೊದ್ದು ಸುಮ್ಮನೆ ಕೂತಿದ್ದ. ಕತ್ತು ಸವರಿಸಿಕೊಳ್ಳೋದು ಅವನಿಗೆ ಇಷ್ಟ, ಕಣ್ಣು ಅರ್ಧ ಮುಚ್ಚಿದ್ದ. ಬಾಟಲಿ ಮುಚ್ಚಿ ಜೇಬಿಗಿಳಿಸಿ, ಅವನನ್ನ ಗಾಳಿಗೆಸೆದೆ.

ನಾಲ್ಕು ಸುತ್ತು ಹಾಕ್ತಾನೆ ಅಂದುಕೊಂಡಿದ್ದೆ. ಅರ್ಧ ಸುತ್ತೂ ಹಾಕಲಿಲ್ಲ. ಎದೆ ತಿರುಗಿಸಿ ಸೀದಾ ನಮ್ಮ ಮನೆ ದಿಕ್ಕು ಹಿಡಿದ.

ಗಿಡುಗ ಆಗಲೇ ಮೇಲಿತ್ತು. ಚುಕ್ಕಿಯಷ್ಟು ಕಾಣ್ತಿತ್ತು. ರೆಕ್ಕೆ ಮಡಚಿತು ನೋಡಿ, ಲಿಫ್ಟಿನ ಗುಂಡಿಯಲ್ಲಿ ಕೈ ಜಾರಿದ ಸ್ಪ್ಯಾನರ್ ಬೀಳುತ್ತಲ್ಲ, ಹಾಗೆ ಬಿತ್ತು. ಸುಂಯ್ ಅನ್ನೋ ಸದ್ದು ನನಗೆ ಕೇಳಿಸ್ತು. "ಹಿಡಿ, ಹಿಡಿ ಅವನನ್ನ!" ಅಂತ ನಾನು ಕುಣಿದೆ. ನನ್ನ ಹದಿಮೂರು ಪಾರಿವಾಳ ತಿಂದ ಗಿಡುಗಕ್ಕೇ ಅವತ್ತು ನಾನು ಜೈಕಾರ ಹಾಕ್ತಿದ್ದೆ. ಕೊನೇ ಗಳಿಗೆಯಲ್ಲಿ ಮೊದ್ದು, ಆ ಸೋಮಾರಿ ಮೊದ್ದು, ಒಂದು ಪಲ್ಟಿ ಹೊಡೆದ. ಬಾಲದ ನಾಲ್ಕು ಗರಿ ಮಾತ್ರ ಗಾಳಿಯಲ್ಲಿ ಉಳಿದವು. ಗಿಡುಗ ಕೆಳಗೆ ಜಾರಿ, ಮೇಲೆದ್ದು, ನೋಡುವಷ್ಟರಲ್ಲಿ ಇವನು ಸೇತುವೆ ದಾಟಿದ್ದ. ಅಷ್ಟು ವೇಗ ನಾನು ಬಾಣನಲ್ಲೂ ಕಂಡಿರಲಿಲ್ಲ.

ಮನೆಗೆ ಹತ್ತು ನಿಮಿಷದ ಹಾರಾಟ. ಬೈಕಿಗೆ ಮುಕ್ಕಾಲು ಗಂಟೆ. ಮನೆಯಲ್ಲಿ ಅವಳೊಬ್ಬಳೇ.

ಫೋನ್ ಮಾಡಿದೆ, ಕಟ್ ಮಾಡಿದಳು. ಮತ್ತೆ ಮಾಡಿದೆ, ಕಟ್. "ಎತ್ತೇ, ದಮ್ಮಯ್ಯ, ಎತ್ತೇ" ಅಂತ ಮೆಟ್ಟಿಲಿಳೀತಾ ಒಂಬತ್ತು ಸಲ ಮಾಡಿದೆ. 'ಮೊದ್ದುವನ್ನ ಮುಟ್ಟಬೇಡ' ಅಂತ ಮೆಸೇಜ್ ಬರೆದೆ. ಬರೆದು ನಿಂತೆ. ಯಾಕೆ ಮುಟ್ಟಬಾರದು ಅಂತ ಕೇಳಿದರೆ? ಫೋನಲ್ಲಿ ಉಳಿದುಬಿಡುತ್ತೆ, ನಾಳೆ ಯಾರಾದರೂ ನೋಡಿದರೆ? ಅಳಿಸಿದೆ. ಹೌದು, ಅಳಿಸಿದೆ. ಬೈಕ್ ಓಡಿಸಿದೆ. ಸಿಗ್ನಲ್ ಬಿದ್ದರೂ ನಿಲ್ಲಿಸಲಿಲ್ಲ, ಬೈಸಿಕೊಂಡೇ ಬಂದೆ.

ತಾರಸಿ ಹತ್ತಿದಾಗ ಅವಳು ಪಾರಿವಾಳಗಳ ಸ್ನಾನದ ತೊಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೊಣಕೈವರೆಗೆ ಒದ್ದೆ. ಮಡಿಲಲ್ಲಿ ಮೊದ್ದು, ಟವೆಲಲ್ಲಿ ಸುತ್ತಿದ್ದು. ತೊಟ್ಟಿಯಲ್ಲಿ ಏಳೆಂಟು ಪಾರಿವಾಳ ರೆಕ್ಕೆ ಬಡೀತಾ ಮೀಯುತ್ತಿದ್ದವು. ಮೂರು ದಿನದ ಮೌನ ಮರೆತು ನನ್ನ ನೋಡಿ ನಕ್ಕಳು.

"ರೀ, ಮೊದ್ದು ಹೇಗೆ ಬಂದ ಗೊತ್ತಾ! ಕಲ್ಲು ಬಿದ್ದ ಹಾಗೆ ಬಂದ. ಬುಟ್ಟಿ ಇಲ್ಲದ್ದು ನೋಡಿ, ನೀವು ಇವನನ್ನ ಹಾರಿಸೋಕೆ ಒಯ್ದಿದ್ದೀರಿ ಅಂತ ನನಗೆ ಎಷ್ಟು ಖುಷಿ ಆಯ್ತು. ಒಂದು ಹೇಳ್ತೀನಿ, ಬೈಬೇಡಿ. ಇವನಿಗೆ ನಾನು ಜೋಡಿ ಮಾಡಿದ್ದೆ, ರೇಸಿಗೆ ಬಾರದ ಆ ಮುದುಕಿ ಇಲ್ಲವಾ, ಅದರ ಜೊತೆ. ಎರಡು ತಿಂಗಳಾಯ್ತು. ನೀವು ಮೇಲೆ ಬಂದಾಗೆಲ್ಲ ಕಾಣದಿರಲಿ ಅಂತ ಹಲಗೆ ಹಾಕಿಬಿಡ್ತಿದ್ದೆ."

ಗೂಡಿನ ಮೂಲೆಯಲ್ಲಿ ಆ ಮುದುಕಿ ಪಾರಿವಾಳ ಕಾಲು ಮೇಲೆ ಮಾಡಿ ಬಿದ್ದಿತ್ತು. ತನ್ನ ಕೊಕ್ಕಿಗೆ ಎಟುಕದ ಜಾಗವನ್ನ ಜೋಡಿಯ ಕೊಕ್ಕು ಸವರಿ ಕೊಡುತ್ತೆ. ಮೂವತ್ತು ವರ್ಷ ಪಾರಿವಾಳ ಸಾಕಿದ ನನಗೆ ಇದು ಗೊತ್ತಿಲ್ಲವಾ?

"ಕತ್ತಿಗೆ ಏನೋ ಜಿಗಟು ಅಂಟಿತ್ತು ರೀ. ಉಜ್ಜಿ ಉಜ್ಜಿ ತೊಳೆದೆ" ಅಂದಳು. ಹಣೆ ಮೇಲೆ ಬೆವರು ಹನಿ ಹನಿಯಾಗಿ ನಿಂತಿತ್ತು. ಮುಂಗೈಯಿಂದ ಬಾಯಿ ಒರೆಸಿಕೊಂಡಳು. "ಯಾಕೋ ಹೊಟ್ಟೆ ತೊಳಸ್ತಾ ಇದೆ."

"ಕೈ ತೊಳ್ಕೋ. ಸೋಪು ಹಾಕಿ ತೊಳ್ಕೋ, ಬೇಗ" ಅಂದೆ. ಅಷ್ಟೇ ಅಂದೆ.

ಹತ್ತು ನಿಮಿಷದಲ್ಲಿ ವಾಂತಿ, ಅಷ್ಟರಲ್ಲಿ ಆ ತೊಟ್ಟಿಯಲ್ಲಿ ಮಿಂದಿದ್ದ ಪಾರಿವಾಳಗಳೂ ಒಂದೊಂದೇ ಉರುಳಿದವು. ಆಮೇಲೆ ಕೈಕಾಲು ಅದುರೋಕೆ ಶುರು. ಪಕ್ಕದ ಮನೆಯವರ ಕಾರಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ಪರದೆಯೊಳಗೆ ಮಲಗಿಸಿ ಮೂಗಿಗೆ ನಳಿಗೆ ಹಾಕಿದರು. ನಾನು ಪರದೆಯ ಈಚೆ ನಿಂತಿದ್ದೆ. ಅವಳ ಮಾತು ತೊದಲುತ್ತಿತ್ತು, ಆದರೂ ಕೇಳಿಸ್ತು. "ಡಾಕ್ಟ್ರೇ, ಯಾರೋ ಪಾಪಿ ನಮ್ಮ ಪಾರಿವಾಳಕ್ಕೆ ಏನೋ ಬಳಿದಿದ್ದಾನೆ. ಗೂಡಲ್ಲಿ ಒಂದೊಂದೇ ಬೀಳ್ತಾ ಇದ್ದವು, ನಾನು ನೋಡಿದೆ. ನಮ್ಮನೆಯವರಿಗೆ ಈಗಲೇ ಹೇಳಬೇಡಿ. ಮೊನ್ನೆ ತಾನೇ ಒಂದು ಹೋಗಿದೆ. ಇದು ಗೊತ್ತಾದರೆ ಅವರು ತಡ್ಕೊಳ್ಳಲ್ಲ."

ಡಾಕ್ಟರು ಈಚೆ ಬಂದರು. ನನ್ನ ಮಗನ ವಯಸ್ಸಿನವರು, ಮಗ ಇದ್ದಿದ್ದರೆ. "ನೋಡಿ, ವಿಷ ಮೈಗೆ ಸೇರಿದೆ. ಇಂಥದರಲ್ಲಿ ನೂರೆಂಟು ಥರ ಇವೆ, ಒಂದರ ಮದ್ದು ಇನ್ನೊಂದಕ್ಕೆ ಅಪಾಯ. ಯಾವುದು ಅಂತ ಗೊತ್ತಾದರೆ ಈಗಲೇ ಶುರು ಮಾಡ್ತೀನಿ. ನಿಮಗೇನಾದರೂ ಗೊತ್ತಾ?"

ಬಾಟಲಿ ನನ್ನ ಜೇಬಲ್ಲೇ ಇತ್ತು. ತೊಡೆಗೆ ಒತ್ತುತ್ತಿತ್ತು. ತೆಗೆದು ಕೊಟ್ಟರೆ, ಎಲ್ಲಿಂದ ಬಂತು ಅಂತಾರೆ. ಪೊಲೀಸು, ಗಿಡುಗ, ಜೈಲು, ಕೆಲಸ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ, ಪರದೆಯ ಆಚೆ ಅವಳಿಗೆ ಕೇಳಿಸುತ್ತೆ. ಆ ಪಾಪಿ ಯಾರು ಅಂತ ಅವಳಿಗೆ ಗೊತ್ತಾಗುತ್ತೆ.

"ಗೊತ್ತಿಲ್ಲ ಡಾಕ್ಟ್ರೇ" ಅಂದೆ.

"ಸರಿಯಾಗಿ ಯೋಚನೆ ಮಾಡಿ."

"ಗೊತ್ತಿಲ್ಲ."

ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು ಬಾಟಲಿ ತೆಗೆದೆ. ಕೆಂಪಕ್ಷರದಲ್ಲಿ ಬರೆದಿತ್ತು: 'ಮೈಗೆ ತಾಗಿದರೆ ಕೂಡಲೇ ಈ ಚೀಟಿಯನ್ನು ವೈದ್ಯರಿಗೆ ತೋರಿಸಿ.' ಚೀಟಿ ಕಿತ್ತೆ. ಉಗುರಲ್ಲಿ ಕೆರೆದು ಕೆರೆದು ಕಿತ್ತೆ. ಚೂರುಗಳನ್ನ ಕಕ್ಕಸಿನ ಗುಂಡಿಗೆ ಹಾಕಿ ನೀರು ಬಿಟ್ಟೆ. ದೊಡ್ಡ ಆಸ್ಪತ್ರೆ, ಇಷ್ಟೊಂದು ಯಂತ್ರ ಇವೆ, ಅವರೇ ಕಂಡುಹಿಡೀತಾರೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಡಾಕ್ಟರು ಇನ್ನೆರಡು ಸಲ ಬಂದು ಕೇಳಿದರು. ಎರಡು ಸಲವೂ ಅದೇ ಹೇಳಿದೆ. ಕೊನೇ ಸಲ ಅಳು ಬಂತು, ಡಾಕ್ಟರು ನನ್ನ ಭುಜ ಹಿಡಿದು, "ಧೈರ್ಯ ತಗೊಳ್ಳಿ" ಅಂದರು.

ಸಂಜೆ ಐದೂಕಾಲಿಗೆ ಒಳಗೆ ಕರೆದರು. ನಳಿಗೆ ತೆಗೆದಿದ್ದರು. ಬಿರುಕು ಬಿಟ್ಟ ಕೈಯೆರಡನ್ನೂ ಹೊಟ್ಟೆ ಮೇಲೆ ಜೋಡಿಸಿಟ್ಟಿದ್ದರು. ಸುತ್ತ ಯಾರೂ ಇರಲಿಲ್ಲ. ನಾನು ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿ ಇಟ್ಟು, ಆ ವಿಷದ ಹೆಸರು ಹೇಳಿದೆ. ಸ್ಪಷ್ಟವಾಗಿ, ಎರಡು ಸಲ ಹೇಳಿದೆ.

ನರ್ಸ್ ಬಂದು, "ಸ್ವಲ್ಪ ಹೊರಗಿರಿ, ಹಾಸಿಗೆ ಖಾಲಿ ಮಾಡಬೇಕು" ಅಂದಳು.