ಗಡಿಯಾರದ ಹಿಂದಿನ ಲಕೋಟೆ

ನಿಮ್ಮ ಮನೆಗೂ ಸರ್ಕಾರಿ ಕಾಗದ ಬರುತ್ತದಲ್ಲವೇ? ಬಂದರೆ ಅದನ್ನು ಎಲ್ಲಿ ಇಡುತ್ತೀರಿ? ನಮ್ಮ ಡನ್ಲಿನ್ ಹೌಸಿನಲ್ಲಿ ಎಲ್ಲರೂ ಗಡಿಯಾರದ ಹಿಂದೆ ಇಡುತ್ತಿದ್ದೆವು, ಅದೂ ಒಡೆಯದೆ. ನಗರಸಭೆಯ ಕಂದು ಲಕೋಟೆಯಲ್ಲಿ ಒಳ್ಳೆಯ ಸುದ್ದಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಲಿಫ್ಟ್ ರಿಪೇರಿ ಮುಂದಕ್ಕೆ ಹೋಗಿದೆ, ಗೋಡೆಗೆ ಬೂಷ್ಟು ಹಿಡಿದರೆ ನೀವು ಕಿಟಕಿ ತೆರೆಯದಿರುವುದೇ ಕಾರಣ, ಬರೀ ಇಂಥವೇ. ಹೀಗಾಗಿ ಲಕೋಟೆ ಬಂದ ದಿನವೇ ಗಡಿಯಾರದ ಹಿಂದೆ ಸೇರುತ್ತಿತ್ತು.

ನಾನು ಲೆನ್ ಕಾಬೋಲ್ಡ್. ಇಪ್ಪತ್ತೆರಡು ವರ್ಷ ಆ ಕಟ್ಟಡದ ಮೆಟ್ಟಿಲು ಒರೆಸಿ, ಬಲ್ಬು ಬದಲಿಸಿ, ನಿವೃತ್ತನಾದ ಮೇಲೂ ಅದರ ನೆಲಮಹಡಿಯಲ್ಲೇ ಉಳಿದವನು. ಲಂಡನ್ನಿನ ಪೂರ್ವದ ಕೊನೆಯಲ್ಲಿ, ಥೇಮ್ಸ್ ನದಿಯ ದಂಡೆಯ ಜೌಗು ನೆಲವನ್ನು ಒಣಗಿಸಿ, ನಗರಸಭೆ ಬಾಡಿಗೆ ಮನೆಗಳ ಬಡಾವಣೆ ಕಟ್ಟಿಸಿತ್ತು. ಸಾಲ್ಟ್‌ರೀಡ್ ಅಂತ ಅದರ ಹೆಸರು. ಅಲ್ಲಿದ್ದ ನೀರುಹಕ್ಕಿಗಳನ್ನೆಲ್ಲ ಓಡಿಸಿ, ಕೊನೆಗೆ ಡನ್ಲಿನ್, ಟೀಲ್ ಅಂತ ಅವುಗಳ ಹೆಸರನ್ನೇ ಕಟ್ಟಡಗಳಿಗೆ ಇಟ್ಟರು. ಪಾಪ ಪರಿಹಾರಕ್ಕೆ ಇರಬೇಕು.

ನಾಲ್ಕನೆಯ ಮಹಡಿಯಲ್ಲಿ ವಿನಿಫ್ರೆಡ್ ಟ್ಯಾಪ್ಲಿ ಇದ್ದಳು. ಎಲ್ಲರ ಬಾಯಲ್ಲೂ ವಿನ್ನಿ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಗೋಡೆಯ ಬಣ್ಣ ಇನ್ನೂ ಒಣಗದಿರುವಾಗಲೇ ಬಂದವಳು. ಆಗ ಅವಳಿಗೆ ಇಪ್ಪತ್ನಾಲ್ಕು. ಮನೆಯೊಳಗೇ ಸ್ನಾನದ ಕೋಣೆ, ನಲ್ಲಿ ತಿರುಗಿಸಿದರೆ ಬಿಸಿನೀರು! ಮೊದಲ ವಾರ ದಿನಕ್ಕೆ ಮೂರು ಸಲ ಸ್ನಾನ ಮಾಡಿದಳಂತೆ. ಮನೆಗಳ ಮುಂದೆ ಪ್ರತಿ ಮಹಡಿಯಲ್ಲೂ ಉದ್ದನೆಯ ಓಣಿ. ಆ ಓಣಿಗಳಲ್ಲಿ ಹಾಲಿನ ಗಾಡಿ ಓಡುತ್ತಿತ್ತು, ಮಕ್ಕಳು ಸ್ಕೇಟಿಂಗ್ ಮಾಡುತ್ತಿದ್ದರು. ಮಂಜು ಕವಿದ ದಿನ ಕೆಳಗಿನ ನೆಲವೇ ಕಾಣುತ್ತಿರಲಿಲ್ಲ. ಓಣಿ ಮಾತ್ರ ಬಿಳಿಯ ಹಾಲಿನ ಮೇಲೆ ತೇಲುತ್ತಿತ್ತು, ಅದರಾಚೆ ಹಡಗುಗಳು ಮಂಜಿನ ಮೇಲೆ ನಡೆದುಹೋಗುವಂತೆ ಕಾಣುತ್ತಿದ್ದವು. ನಾನೇ ಎಷ್ಟೋ ಸಲ ಮೆಟ್ಟಿಲು ಒರೆಸುವುದು ಬಿಟ್ಟು ನೋಡುತ್ತ ನಿಂತಿದ್ದೇನೆ.

ಸಾಲ್ಟ್‌ರೀಡಿನಲ್ಲಿ ಇನ್ನೊಂದು ರೂಢಿಯಿತ್ತು. ಬಾಗಿಲಲ್ಲಿ ಕಾಗದ ಹಾಕುವ ಕಿಂಡಿಯಿದೆಯಲ್ಲ, ಅದರ ಒಳಗಡೆ ಒಂದು ದಾರ ಕಟ್ಟಿ, ದಾರದ ತುದಿಗೆ ಬೀಗದ ಕೈ ನೇತುಹಾಕುತ್ತಿದ್ದರು. ಪಕ್ಕದ ಮನೆಯವರು ಕಿಂಡಿಯಲ್ಲಿ ಕೈ ಹಾಕಿ, ದಾರ ಎಳೆದು, ಬಾಗಿಲು ತೆಗೆದು ಒಳಗೆ ಬರಬಹುದು. ಎದುರಿನ ಟೀಲ್ ಹೌಸಿನ ಈಡಿ ಪ್ರೂಯೆಟ್ ಪ್ರತಿದಿನ ಎರಡೂ ಕಟ್ಟಡ ಕೂಡಿಸುವ ಸೇತುವೆಯಂಥ ಓಣಿ ದಾಟಿ ಬಂದು ವಿನ್ನಿಯ ದಾರ ಎಳೆಯುತ್ತಿದ್ದಳು. ನಲವತ್ತು ವರ್ಷದ ಗೆಳತಿಯರು ಅವರಿಬ್ಬರು.

ಆಮೇಲೆ ಒಂದೊಂದೇ ಕೆಟ್ಟಿತು. ಲಿಫ್ಟ್ ನಿಂತಿತು, ದೀಪ ಹೋಯಿತು. ಕಳ್ಳರ ಕಾಟ ಅಂತ ಓಣಿಗಳ ನಡುವೆ ಕಬ್ಬಿಣದ ಗೇಟು ಬಂತು. ಜನ ದಾರಗಳನ್ನು ಒಳಗೆಳೆದುಕೊಂಡರು. ಹದಿನಾಲ್ಕು ವರ್ಷದ ಹಿಂದೆ ಟೀಲ್ ಹೌಸನ್ನು ಖಾಲಿ ಮಾಡಿಸಿ ಕೆಡವಿದರು. ಅಲ್ಲಿದ್ದವರು ದಿಕ್ಕಿಗೊಬ್ಬರಾದರು. ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದ ಈಡಿಯನ್ನು ಅಲ್ಲಿಂದಲೇ ದೂರದ ಸಮುದ್ರದ ಊರಿಗೆ ಕಳಿಸಿದರು. ಹೋಗುವ ಮೊದಲು ಅವಳು ವಿನ್ನಿಗೆ ಒಂದು ಮಾತೂ ಹೇಳಲಿಲ್ಲ. ವಿನ್ನಿಯೂ ಕೇಳಲಿಲ್ಲ. ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡ್ ಬರುತ್ತಿತ್ತು, ಹೆಸರು ಬಿಟ್ಟು ಬೇರೇನೂ ಬರೆದಿರುತ್ತಿರಲಿಲ್ಲ. ಒಂದು ವರ್ಷ ಅದೂ ಬರಲಿಲ್ಲ. ಈಡಿ ತೀರಿಹೋಗಿದ್ದಳು.

ಈಗ ಕಥೆಗೆ ಬರುತ್ತೇನೆ. ಮೂರು ವರ್ಷದ ಹಿಂದೆ, ನವೆಂಬರಿನ ಒಂದು ಬೆಳಿಗ್ಗೆ, ಎಂದಿನಂತೆ ವಿನ್ನಿಯ ಹಾಲು ಹಿಡಿದು ನಾಲ್ಕು ಮಹಡಿ ಹತ್ತಿದೆ. ಹೊರಗೆ ಗಾಢ ಮಂಜು.

"ಬಂದ್ಯಾ? ಹಾಲು ಮೊಸರಾಗೋ ಹೊತ್ತಿಗೆ ಬರ್ತೀಯ ನೋಡು," ಎಂದಳು.

"ಲಿಫ್ಟ್ ಸರಿಯಾದ ದಿನ ಬೇಗ ಬರ್ತೀನಿ."

"ಹಾಗಾದ್ರೆ ನನ್ನ ಹೆಣ ಎತ್ತೋಕೆ ಬರ್ತೀಯ." ಚಹಾ ಬಗ್ಗಿಸುತ್ತ ಕಿಟಕಿಯ ಕಡೆ ನೋಡಿದಳು. "ಬೆಳಗಿನ ಜಾವ ಕನಸಿನಲ್ಲಿ ಈಡಿ ಬಂದಿದ್ಳು ಲೆನ್. ಟೀಲ್ ಹೌಸ್ ಇಲ್ಲ, ಓಣಿ ಮಾತ್ರ ಇದೆ. ಮಂಜಿನ ಮೇಲೇ ನಡ್ಕೊಂಡು ಬಂದ್ಳು, ಕಿಂಡೀಲಿ ಕೈ ಹಾಕಿದ್ಳು. ದಾರ ಸಿಗ್ಲೇ ಇಲ್ಲ ಅವಳಿಗೆ."

ನಾನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಯೆಟುಂಡೆ. ಲಾಗೋಸಿನಿಂದ ಬಂದವಳು, ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಜೊತೆಗೆ ನಮ್ಮ ಬಾಡಿಗೆದಾರರ ಸಂಘದ ಕಾರ್ಯದರ್ಶಿ. ಡ್ಯೂಟಿಗೆ ಹೊರಟ ಬಟ್ಟೆಯಲ್ಲೇ ಇದ್ದಳು.

"ಆಂಟಿ, ಓಟಿನ ಲಕೋಟೆ ಒಡೆದ್ರಾ?"

"ಗಡಿಯಾರದ ಹಿಂದೆ ಬೆಚ್ಚಗಿದೆ. ಇರ್ಲಿ ಬಿಡು."

"ಇವತ್ತು ಸಂಜೆ ಐದಕ್ಕೆ ಮುಗಿಯುತ್ತೆ. ಬಡಾವಣೆ ಕೆಡವಿ ಹೊಸದು ಕಟ್ಟೋದು ಬೇಕೋ ಬೇಡ್ವೋ ಅಂತ ನಮ್ಮನ್ನೇ ಕೇಳಿದ್ದಾರೆ."

"ನಂಗೆ ಬೇಡ. ಅದಕ್ಕೇ ಒಡೆದಿಲ್ಲ. ಓಟು ಹಾಕ್ದಿದ್ರೆ ಬೇಡ ಅಂದ ಹಾಗೇ ತಾನೆ?"

ಡನ್ಲಿನ್ ಹೌಸಿನ ಅರ್ಧ ಜನ ಹೀಗೇ ತಿಳಿದುಕೊಂಡಿದ್ದರು. ನಿಜ ಹೇಳುತ್ತೇನೆ, ನಾನೂ ಹಾಗೇ ತಿಳಿದಿದ್ದೆ.

"ಅಲ್ಲ ಆಂಟಿ," ಯೆಟುಂಡೆ ಕುರ್ಚಿ ಎಳೆದು ಕೂತಳು. "ಹಾಕಿದ ಓಟು ಮಾತ್ರ ಎಣಿಸ್ತಾರೆ. ಹತ್ತೇ ಜನ ಹಾಕಿದ್ರೆ ಆ ಹತ್ತು ಜನರದ್ದೇ ತೀರ್ಮಾನ. ಬೇಡ ಅನ್ನೋದಿದ್ರೆ ಬೇಡ ಅಂತ ಗುರುತು ಹಾಕಿ. ಸುಮ್ನಿದ್ರೆ ನೀವು ಈ ಮನೇಲಿ ಇಲ್ಲ ಅಂತಲೇ ಲೆಕ್ಕ."

ವಿನ್ನಿಗೆ ರೇಗಿತು. "ಟೀಲ್ ಹೌಸಿನೋರಿಗೂ ಹೀಗೇ ಬೆಣ್ಣೆ ಹಚ್ಚಿದ್ರು ಕಣೇ. ವಾಪಸ್ ಕರ್ಕೊಂಡು ಬರ್ತೀವಿ ಅಂದ್ರು. ಬಂದ್ರಾ ಯಾರಾದ್ರೂ?"

"ಅವರಿಗೆ ಬಾಯಿಮಾತಲ್ಲಿ ಹೇಳಿದ್ರು. ಯಾರ ಹತ್ರಾನೂ ಕಾಗದ ಇರ್ಲಿಲ್ಲ. ಈ ಸಲ ಸಂಘದೋರು ಪಟ್ಟು ಹಿಡಿದು ಬರೆಸ್ಕೊಂಡಿದ್ದೀವಿ. ಟೀಲ್ ಹೌಸಿದ್ದ ಖಾಲಿ ಜಾಗದಲ್ಲಿ ಮೊದ್ಲು ಕಟ್ತಾರೆ. ಇಲ್ಲಿಂದ ಸೀದಾ ಅಲ್ಲಿಗೆ, ಒಂದೇ ಸಲ ಸಾಮಾನು ಕಟ್ಟೋದು. ಬಾಡಿಗೆ ಕರಾರು ಈಗಿರೋ ಹಾಗೇ. ಎಲ್ಲಾ ಆ ಲಕೋಟೇಲಿದೆ. ಓದಿ, ಇಷ್ಟ ಆಗ್ದಿದ್ರೆ ಬೇಡ ಅನ್ನಿ. ನಾನು ಬೇಜಾರು ಮಾಡ್ಕೊಳಲ್ಲ."

"ನಾನಿಲ್ಲೇ ಸಾಯ್ತೀನಿ, ಹೋಗು."

ಯೆಟುಂಡೆ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಅವಳ ದನಿ ಸಣ್ಣದಾಗಿತ್ತು.

"ಅದರಲ್ಲಿ ಇನ್ನೊಂದು ಹಾಳೆ ಇದೆ ಆಂಟಿ. ಹೊಸ ಮನೇಲಿ ಪಕ್ಕದಲ್ಲಿ ಯಾರು ಬೇಕು ಅಂತ ಬರೆಯೋದು. ನಾನು ನಿಮ್ಮ ಹೆಸರು ಬರೆದಿದ್ದೀನಿ. ನೀವೂ ನನ್ನ ಹೆಸರು ಬರೆದ್ರೇನೇ ಅದು ನಡೆಯೋದು. ಇಲ್ಲಾಂದ್ರೆ ನನ್ನ ಪಕ್ಕ ಯಾರನ್ನೋ ಹಾಕ್ತಾರೆ, ನಿಮ್ಮ ಪಕ್ಕ ಇನ್ಯಾರನ್ನೋ."

ವಿನ್ನಿ ಚಹಾದ ಕಪ್ಪು ಕೆಳಗಿಟ್ಟಳು. "ಈ ಮುದುಕಿ ಯಾಕೆ ನಿಂಗೆ?" ಎಂದಳು.

"ನಂಗೆ ಕರೋನಾ ಬಂದಾಗ ಹದಿನೈದು ದಿನ ಬಾಗಿಲಲ್ಲಿ ಸೂಪ್ ಇಟ್ಟೋರು ಯಾರು?"

"ಅದರಲ್ಲಿ ಉಪ್ಪೇ ಇರ್ಲಿಲ್ಲ."

"ಇರ್ಲಿಲ್ಲ. ಆದ್ರೂ ಕುಡಿದೆ."

ವಿನ್ನಿ ಎದ್ದು ಗಡಿಯಾರ ಸರಿಸಿದಳು. ವರ್ಷಗಳ ಲಕೋಟೆಗಳು ದೊಪ್ಪನೆ ನೆಲಕ್ಕೆ ಬಿದ್ದವು. ಯೆಟುಂಡೆ ಒಂದೊಂದೇ ಆರಿಸುತ್ತ ಹೊಸದನ್ನು ಹುಡುಕಿದಳು. ನಡುವೆ ಒಂದನ್ನು ಹಿಡಿದು ನಿಂತಳು. ಮಾಸಿದ ಆ ಲಕೋಟೆಯ ಮೇಲೆ 'ಉತ್ತರ ಬೇಕು' ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಮೇಲಿನ ತಾರೀಕು ಟೀಲ್ ಹೌಸ್ ಖಾಲಿಯಾದ ವರ್ಷದ್ದು.

"ಒಡೀಲಾ ಆಂಟಿ?"

ವಿನ್ನಿ ತಲೆಯಾಡಿಸಿದಳು. ಯೆಟುಂಡೆ ಓದಿದಳು. ಈಡಿ ಪ್ರೂಯೆಟ್ ಅವರು ಡನ್ಲಿನ್ ಹೌಸಿನ ನಾಲ್ಕನೆಯ ಮಹಡಿಯಲ್ಲಿ ಖಾಲಿಯಿರುವ ಮನೆ ಕೇಳಿದ್ದಾರೆ. ಸೊಂಟದ ತೊಂದರೆಯಿರುವುದರಿಂದ ಅವರ ಬೀಗದ ಕೈ ಇಟ್ಟುಕೊಳ್ಳಲು ನೆರೆಯವರೊಬ್ಬರು ಒಪ್ಪಬೇಕು. ಅವರು ನಿಮ್ಮ ಹೆಸರು ಕೊಟ್ಟಿದ್ದಾರೆ. ಒಪ್ಪಿಗೆಯಿದ್ದರೆ ಕೆಳಗೆ ಸಹಿ ಮಾಡಿ ಕಳಿಸಿ. ಇಪ್ಪತ್ತೊಂದು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯಿಲ್ಲವೆಂದು ತಿಳಿಯಲಾಗುವುದು.

ಆ ಖಾಲಿ ಮನೆ, ಈಗ ಯೆಟುಂಡೆ ಇರುವ ಮನೆ.

"ನಾನು ಬೇಡ ಅಂದೆ ಅಂದ್ಕೊಂಡ್ಳು," ವಿನ್ನಿ ಹೇಳಿದಳು. "ಅದಕ್ಕೇ ಮಾತಾಡ್ಲಿಲ್ಲ ಅವಳು. ನಾನು ಇಲ್ಲಿ ಕೂತ್ಕೊಂಡು ಅವಳನ್ನೇ ಬೈತಾ ಇದ್ದೆ. ಅಷ್ಟು ವರ್ಷ ಬೈದೆ ಲೆನ್." ಆಮೇಲೆ ಅತ್ತಳು. ಅರವತ್ತೆಂಟರಿಂದ ಈ ಮನೆಯಲ್ಲಿದ್ದವಳು, ಗಂಡ ಸತ್ತಾಗಲೂ ನನ್ನೆದುರು ಅತ್ತವಳಲ್ಲ. ನನಗೂ ತಡೆಯಲಾಗಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಯೆಟುಂಡೆ ಡ್ಯೂಟಿಗೆ ಫೋನ್ ಮಾಡಿ ಒಂದು ಗಂಟೆ ತಡ ಎಂದಳು. ಹೊಸ ಲಕೋಟೆ ಒಡೆದು, ನಿಧಾನವಾಗಿ, ಒಂದೊಂದು ಸಾಲೂ ಓದಿದಳು. ವಿನ್ನಿ ಎರಡು ಕಡೆ ಪ್ರಶ್ನೆ ಕೇಳಿದಳು, ಒಂದು ಕಡೆ ಬೈದಳು. ಆಮೇಲೆ ಕೋಟು ತೊಟ್ಟಳು.

"ಕೊಡಿ ಆಂಟಿ, ನಾನೇ ಹಾಕಿ ಬರ್ತೀನಿ."

"ಬೇಡ. ನಾನೇ ಇಳೀತೀನಿ."

ಏಳು ತಿಂಗಳಿಂದ ಅವಳು ಮೆಟ್ಟಿಲು ಇಳಿದಿರಲಿಲ್ಲ. ಯೆಟುಂಡೆ ಒಂದು ಕೈ, ನಾನೊಂದು ಕೈ. ಮಂಜು ಮೆಟ್ಟಿಲವರೆಗೂ ಬಂದಿತ್ತು. ಇಲ್ಲಿ ಹಾಲಿನ ಗಾಡಿ ತಿರುಗುತ್ತಿತ್ತು, ಇಲ್ಲಿ ಪಾರಿವಾಳದ ಗೂಡಿತ್ತು ಎಂದು ಪ್ರತಿ ತಿರುವಿನಲ್ಲೂ ವಿನ್ನಿ ನಿಂತು ಹೇಳುತ್ತಿದ್ದಳು. ಎಲ್ಲೋ ನದಿಯಲ್ಲಿ ಹಡಗು ಕೂಗಿತು. ನಾವು ಇಳಿಯುತ್ತಿದ್ದೆವೋ, ಮೆಟ್ಟಿಲುಗಳೇ ನಮ್ಮನ್ನು ಹೊತ್ತು ಕೆಳಗೆ ತೇಲುತ್ತಿದ್ದವೋ ಗೊತ್ತಾಗಲಿಲ್ಲ.

ಸಮುದಾಯ ಭವನದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಒಬ್ಬಳು ಹುಡುಗಿ ಕೂತಿದ್ದಳು. ವಿನ್ನಿ ಮರೆಗೆ ಹೋಗಿ ಓಟಿನ ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿದಳು. ನೆರೆಯವರ ಹಾಳೆಯಲ್ಲಿ ಯೆಟುಂಡೆಯ ಹೆಸರು ಬರೆದು, ಸಹಿ ಮಾಡಿ ಕೊಟ್ಟಳು. ಆಮೇಲೆ ಕೋಟಿನ ಜೇಬಿನಿಂದ ಈಡಿಯ ಹಳೆಯ ಕಾಗದ ತೆಗೆದು, ಕೆಳಗೆ ಸಹಿ ಮಾಡಿ, ಅದನ್ನೂ ಮುಂದಿಟ್ಟಳು.

ಹುಡುಗಿ ತಾರೀಕು ನೋಡಿದಳು. "ಮಿಸೆಸ್ ಟ್ಯಾಪ್ಲಿ, ಇದು ಈಗ ನಡೆಯಲ್ಲ."

"ಗೊತ್ತು ಕಣಮ್ಮ. ಆದ್ರೂ ತಗೋ."

ಹುಡುಗಿ ತೆಗೆದುಕೊಂಡಳು.

ಬೇಕು ಎಂದವರು ಗೆದ್ದರು. ನಾನೂ ಅವತ್ತೇ ನನ್ನ ಲಕೋಟೆ ಒಡೆದು, ಬೇಡ ಎಂದು ಹಾಕಿದ್ದೆ. ಇಪ್ಪತ್ತೆರಡು ವರ್ಷ ಒರೆಸಿದ ಮೆಟ್ಟಿಲನ್ನು ಕೆಡವಿ ಎಂದು ನನ್ನ ಕೈಯಾರೆ ಹೇಗೆ ಬರೆಯಲಿ? ಸೋತೆ, ಆದರೆ ನನ್ನ ಮಾತನ್ನೂ ಎಣಿಸಿದರು, ಅದು ಸಾಕು. ವಿನ್ನಿ ಏನು ಹಾಕಿದಳೋ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಟೀಲ್ ಹೌಸಿದ್ದ ಜಾಗದಲ್ಲಿ ಎದ್ದ ಹೊಸ ಮನೆಯಲ್ಲಿ ಈಗ ಅವಳಿದ್ದಾಳೆ, ಪಕ್ಕದಲ್ಲಿ ಯೆಟುಂಡೆ. ಕಿಂಡಿಯ ಒಳಗೆ ಮತ್ತೆ ದಾರ ಇಳಿಬಿದ್ದಿದೆ. ಗಡಿಯಾರವನ್ನು ಗೋಡೆಗೆ ಒತ್ತಿ ಮೊಳೆ ಹೊಡೆಸಿದ್ದಾಳೆ, ಹಿಂದೆ ಒಂದು ಹಾಳೆಯೂ ತೂರದಂತೆ. ಹೊಡೆದವನು ನಾನೇ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯನ್ನೋ ಕೇರಿಯನ್ನೋ ಬದಲಿಸುತ್ತೇವೆ ಎಂದು ಯಾರಾದರೂ ಬಂದರೆ, ಅವರ ಮಾತನ್ನು ಕಾಗದದಲ್ಲಿ ಕೇಳಿ. ಓದಲು ಕಷ್ಟವಾದರೆ ಓದಬಲ್ಲ ನೆರೆಯವರನ್ನು ಕರೆಯಿರಿ. ಬೇಕೆನ್ನಿ, ಬೇಡವೆನ್ನಿ, ಆದರೆ ಹೇಳಿ, ದಿನ ಮೀರುವ ಮೊದಲು ಹೇಳಿ. ವಿನ್ನಿಯ ಒಂದು ಸಹಿ ಸರಿಯಾದ ಹೊತ್ತಿಗೆ ಬಂತು, ಇನ್ನೊಂದು ಹನ್ನೊಂದು ವರ್ಷ ತಡವಾಗಿ ಬಂತು. ಈಗ ಎದ್ದು ಹೋಗಿ, ನಿಮ್ಮ ಗಡಿಯಾರದ ಹಿಂದೆ ಒಮ್ಮೆ ಕೈ ಹಾಕಿ ನೋಡಿ. ಅಲ್ಲಿ ಯಾರೋ ನಿಮ್ಮ ಹೆಸರು ಬರೆದು ಕಾಯುತ್ತಿರಬಹುದು.